ಚಿಮಣಿ ಹೊಗೆ ಎಳೆಯುತ್ತಿಲ್ಲ: ದೋಷ ಫಿಲ್ಟರ್‌ನಲ್ಲಿದೆಯೋ, ಪೈಪಿನಲ್ಲಿದೆಯೋ?

ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ ಕೂಡಲೇ ಹಾಲ್‌ನಲ್ಲಿ ಕೂತವರು ಕೆಮ್ಮಲು ಶುರು ಮಾಡುತ್ತಾರೆ. ಚಿಮಣಿ ಓಡುತ್ತಿದೆ. ಸದ್ದಂತೂ ಜೋರಾಗಿಯೇ ಇದೆ. ಆದರೆ ಹೊಗೆ ಮಾತ್ರ ಬಾಂಡಲೆಯಿಂದ ಎದ್ದು, ಚಿಮಣಿಯ ಅಂಚು ದಾಟಿ, ನಿಮ್ಮ ಮುಖಕ್ಕೇ ಬರುತ್ತಿದೆ. ಇಂಥ ಹೊತ್ತಿನಲ್ಲಿ ನಾವೆಲ್ಲ ಮೊದಲು ಮಾಡುವ ಕೆಲಸ ಒಂದೇ. ಫಿಲ್ಟರ್ ಬಿಚ್ಚಿ ಉಜ್ಜಲು ಕೂರುತ್ತೇವೆ.

ನಾನೂ ಹಾಗೇ ಮಾಡಿದ್ದೆ. ನಮ್ಮದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಗೌರಿ ಹಬ್ಬಕ್ಕೆ ಚಕ್ಕುಲಿ, ಕರ್ಜಿಕಾಯಿ ಕರಿಯುವಾಗ ಅಡುಗೆಮನೆ ಪೂರ್ತಿ ಹೊಗೆ. ಒಂದೇ ತಿಂಗಳಲ್ಲಿ ಎರಡು ಸಲ ಫಿಲ್ಟರ್ ತೊಳೆದೆ. ಎರಡನೇ ಸಲ ದೊಡ್ಡ ಪಾತ್ರೆಯಲ್ಲಿ ಸೋಡಾ ಹಾಕಿ ಕುದಿಸಿದೆ. ಬೆಳ್ಳಗಿದ್ದ ಜಾಲರಿ ಕಪ್ಪಾಗಿ ಹೊರಬಂತು. ಹೊಗೆ ಮಾತ್ರ ಹಾಗೇ ಇತ್ತು. ರಿಪೇರಿಗೆ ಬಂದವರು ಮೋಟರ್ ಹೋಗಿದೆ, ಬದಲಾಯಿಸಬೇಕು ಎಂದರು. ಕೊನೆಗೆ ನೋಡಿದರೆ ಮೋಟರ್ ಚೆನ್ನಾಗಿತ್ತು. ಹೊರಗೋಡೆಯಲ್ಲಿ ಪೈಪ್ ಕೊನೆಯಾಗುವ ಜಾಗದಲ್ಲಿ ಪಾರಿವಾಳ ಕಡ್ಡಿ ತಂದು ತುಂಬಿತ್ತು. ಒಂದು ಒಳ್ಳೆಯ ಫಿಲ್ಟರ್ ಹಾಳಾಯಿತು, ಎರಡು ಭಾನುವಾರ ಹೋದವು, ಇದ್ದ ದೋಷ ಇದ್ದಲ್ಲೇ ಇತ್ತು. ನಿಮಗೆ ಹೀಗಾಗಬಾರದು ಎಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ತೊಳೆಯುವುದು ಆಮೇಲೆ. ತಪ್ಪು ಫಿಲ್ಟರ್‌ನದೇ ಹೌದಾ ಅಂತ ಮೊದಲು ತಿಳಿಯಬೇಕು. ಹೌದಾದರೆ ಅದು ಯಾವ ಲೋಹದ್ದು ಅಂತ ತಿಳಿಯಬೇಕು.

ಮೊದಲ ಪರೀಕ್ಷೆ: ಕಾಗದ ಮತ್ತು ಊದಿನಕಡ್ಡಿ

ಸ್ಟೌ ಆರಿಸಿ. ಅಡುಗೆಮನೆಯ ಕಿಟಕಿ ಸ್ವಲ್ಪ ತೆರೆಯಿರಿ, ಫ್ಯಾನ್ ನಿಲ್ಲಿಸಿ. ಚಿಮಣಿಯನ್ನು ಪೂರ್ತಿ ವೇಗದಲ್ಲಿ ಓಡಿಸಿ. ನ್ಯೂಸ್‌ಪೇಪರಿನ ಅರ್ಧ ಹಾಳೆಯನ್ನು ಫಿಲ್ಟರ್‌ಗೆ ತಾಗಿಸಿ ಕೈ ಬಿಡಿ. ಹಾಳೆ ಅಲ್ಲೇ ಅಂಟಿಕೊಂಡು ನಿಂತರೆ ಎಳೆತ ಚೆನ್ನಾಗಿದೆ ಎಂದರ್ಥ. ಜಾರಿ ಬಿದ್ದರೆ ಎಲ್ಲೋ ತಡೆ ಇದೆ.

ಹಾಳೆ ಅಂಟಿಕೊಂಡರೂ ಅಡುಗೆ ಮಾಡುವಾಗ ಹೊಗೆ ಹರಡುತ್ತಿದೆಯೇ? ಹಾಗಾದರೆ ಫಿಲ್ಟರ್ ಮುಟ್ಟಬೇಡಿ. ಚಿಮಣಿ ಇರುವ ಎತ್ತರ ಅಳೆಯಿರಿ. ಗ್ಯಾಸ್ ಸ್ಟೌ ಮೇಲಿಂದ ಸಾಮಾನ್ಯವಾಗಿ 65ರಿಂದ 75 ಸೆಂಟಿಮೀಟರ್ ಇರಬೇಕು. ಒಂದು ಮೀಟರ್ ಎತ್ತರಕ್ಕೆ ಹಾಕಿದ್ದರೆ ಹೊಗೆ ಅಲ್ಲಿಗೆ ತಲುಪುವ ಮೊದಲೇ ಚದುರಿಹೋಗುತ್ತದೆ. ಹಾಲ್‌ನ ಫ್ಯಾನ್ ಗಾಳಿ, ಪಕ್ಕದ ಕಿಟಕಿಯ ಗಾಳಿ ಹೊಗೆಯನ್ನು ಅಡ್ಡ ತಳ್ಳುತ್ತದೆ. ಕರಿಯುವುದನ್ನು ಹಿಂದಿನ ಬರ್ನರ್‌ಗೆ ಬದಲಾಯಿಸಿದರೇ ಎಷ್ಟೋ ಮನೆಗಳಲ್ಲಿ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ. ಇನ್ನೊಂದು ವಿಷಯ. ಕಿಟಕಿ, ಬಾಗಿಲು ಎಲ್ಲ ಬಿಗಿಯಾಗಿ ಮುಚ್ಚಿದ ಅಡುಗೆಮನೆಯಿಂದ ಚಿಮಣಿ ಗಾಳಿಯನ್ನು ಹೊರಗೆ ಹಾಕಲಾರದು. ಹೊರಗೆ ಹೋಗುವಷ್ಟೇ ಗಾಳಿ ಒಳಗೂ ಬರಬೇಕು, ಅಲ್ವಾ? ಮಳೆಗಾಲದಲ್ಲಿ ಮಾತ್ರ ಚಿಮಣಿ ಸರಿಯಿಲ್ಲ ಎನ್ನುವವರು ಮೊದಲು ಕಿಟಕಿ ನಾಲ್ಕು ಬೆರಳಷ್ಟು ತೆರೆದು ನೋಡಲಿ.

ಹಾಳೆ ಬಿದ್ದುಹೋದರೆ ಎರಡನೇ ಹೆಜ್ಜೆ. ಇದೇ ಮುಖ್ಯವಾದದ್ದು. ಒಂದು ಊದಿನಕಡ್ಡಿ ಹಚ್ಚಿ, ಆಲೂಗಡ್ಡೆಗೆ ಚುಚ್ಚಿ, ಆರಿದ ಸ್ಟೌ ಮೇಲೆ ಇಡಿ. ಚಿಮಣಿ ಓಡಿಸಿ ಹೊಗೆ ಹೋಗುವ ದಾರಿ ನೋಡಿ. ಈಗ ಚಿಮಣಿ ನಿಲ್ಲಿಸಿ, ಪ್ಲಗ್ಗೇ ತೆಗೆದು, ಫಿಲ್ಟರ್ ಬಿಚ್ಚಿ ಪಕ್ಕಕ್ಕಿಡಿ. ಮತ್ತೆ ಪ್ಲಗ್ ಹಾಕಿ ಒಂದೇ ಒಂದು ನಿಮಿಷ ಓಡಿಸಿ ಹೊಗೆಯನ್ನು ಗಮನಿಸಿ. ಕಡ್ಡಿ ಸ್ಟೌ ಮಟ್ಟದಲ್ಲೇ ಇರಲಿ, ಕಿಡಿಯನ್ನು ಮೇಲಕ್ಕೆ ಒಯ್ಯಬೇಡಿ. ಫಿಲ್ಟರ್ ಇಲ್ಲದಾಗ ಒಳಗಿನ ಬ್ಲೋವರ್, ಅಂದರೆ ಗಾಳಿ ಎಳೆಯುವ ಫ್ಯಾನ್, ತೆರೆದಿರುತ್ತದೆ. ಕೈ, ಕಾಗದ, ಬಟ್ಟೆ ಯಾವುದನ್ನೂ ಹತ್ತಿರ ತರಬೇಡಿ.

ಫಿಲ್ಟರ್ ಇದ್ದಾಗ ಅಲೆದಾಡುತ್ತಿದ್ದ ಹೊಗೆ, ಫಿಲ್ಟರ್ ತೆಗೆದ ಮೇಲೆ ನೆಟ್ಟಗೆ ಮೇಲಕ್ಕೆ ಹೋದರೆ ತಪ್ಪು ಫಿಲ್ಟರ್‌ನದೇ. ಅದನ್ನು ತೊಳೆಯಬೇಕು. ಎರಡೂ ಸಲ ಹೊಗೆ ಒಂದೇ ಥರ ಅಲೆದಾಡಿದರೆ ತಡೆ ಫಿಲ್ಟರ್‌ಗಿಂತ ಮೇಲಕ್ಕೆ, ಮೋಟರ್ ಅಥವಾ ಪೈಪಿನ ಕಡೆ ಇದೆ. ಫಿಲ್ಟರನ್ನು ಕನ್ನಡಿಯಂತೆ ಉಜ್ಜಿದರೂ ಏನೂ ಬದಲಾಗುವುದಿಲ್ಲ.

ತಡೆ ಮೇಲಿದ್ದರೆ

ಮನೆಯವರೊಬ್ಬರಿಗೆ ಚಿಮಣಿ ಓಡಿಸಲು ಹೇಳಿ, ನೀವು ಬಾಲ್ಕನಿಗೋ ಯುಟಿಲಿಟಿಗೋ ಹೋಗಿ ಪೈಪ್ ಹೊರಬರುವ ಜಾಗದ ಮುಂದೆ ಕೈ ಹಿಡಿಯಿರಿ. ಗಾಳಿ ಜೋರಾಗಿ ಬಡಿಯಬೇಕು. ಬರದಿದ್ದರೆ ಅಲ್ಲಿನ ಮುಚ್ಚಳದಂಥ ರೆಕ್ಕೆಗಳು ಜಿಡ್ಡಿಗೆ ಅಂಟಿಕೊಂಡಿರಬಹುದು, ಹಕ್ಕಿ ಗೂಡು ಕಟ್ಟಿರಬಹುದು. ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಇದ್ದರೆ ದಯವಿಟ್ಟು ಕೆಲವು ವಾರ ಕಾಯಿರಿ, ಆಮೇಲೆ ತೆಗೆದು ಜಾಲರಿ ಹಾಕಿಸಿ. ಆ ಜಾಲರಿಯ ಕಣ್ಣು ಬೆರಳು ತೂರುವಷ್ಟು ದೊಡ್ಡದಿರಲಿ. ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಹಾಕಿದರೆ ಅದೇ ಎರಡು ತಿಂಗಳಲ್ಲಿ ಜಿಡ್ಡು ಕಟ್ಟಿಕೊಂಡು ಇನ್ನೊಂದು ಫಿಲ್ಟರ್ ಆಗುತ್ತದೆ. ಹೊರಗಿನ ತುದಿ ಕೈಗೆ ಎಟುಕದ ಎತ್ತರದಲ್ಲಿದ್ದರೆ ಕಿಟಕಿಯಿಂದ ಬಗ್ಗಿ ಸಾಹಸ ಮಾಡಬೇಡಿ.

ಚಿಮಣಿಯ ತಲೆಗೆ ಪೈಪ್ ಸೇರುವಲ್ಲಿಯೂ ಒಂದು ಪ್ಲಾಸ್ಟಿಕ್ ರೆಕ್ಕೆ ಇರುತ್ತದೆ. ಹೊರಗಿನ ಗಾಳಿ ಒಳಗೆ ಬರದಂತೆ ತಡೆಯುವುದು ಅದರ ಕೆಲಸ. ಜಿಡ್ಡು ಹತ್ತಿ ಅದು ಅರ್ಧ ಮಾತ್ರ ತೆರೆಯುವುದು ತುಂಬ ಸಾಮಾನ್ಯ. ಮೇಲಿನ ಕವರ್ ಬಿಚ್ಚಿ, ಬೆರಳಿನಿಂದ ಎತ್ತಿ ನೋಡಿದರೆ ತಿಳಿಯುತ್ತದೆ. ಪೈಪ್ ಕಪಾಟಿನ ಹಿಂದೆ ನಜ್ಜುಗುಜ್ಜಾಗಿದೆಯೇ ಎಂದೂ ನೋಡಿ. ಅಲ್ಯೂಮಿನಿಯಂನ ಮಡಿಕೆ ಪೈಪ್ ಒಂದು ಡಬ್ಬ ಒತ್ತಿದರೂ ಚಪ್ಪಟೆಯಾಗುತ್ತದೆ. ಸಾಮಾನ್ಯವಾಗಿ 6 ಇಂಚಿನ ಪೈಪ್ ಹಾಕುತ್ತಾರೆ. ಗೋಡೆಯಲ್ಲಿ 4 ಇಂಚಿನ ತೂತು ಮೊದಲೇ ಇದೆ ಎಂದು ಅದಕ್ಕೇ ಕಿರಿದು ಮಾಡಿ ಜೋಡಿಸಿದ್ದರೆ ದಾರಿ ಅರ್ಧಕ್ಕಿಂತಲೂ ಕಡಿಮೆಯಾಯಿತು. ಅಗಲ ಮೂರರಲ್ಲಿ ಎರಡು ಪಾಲು ಉಳಿದರೂ ಗಾಳಿ ಹೋಗುವ ಜಾಗ ಉಳಿಯುವುದು ನೂರಕ್ಕೆ 44 ಮಾತ್ರ.

ಮೋಟರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ ಎಂದಾದರೆ ಬಹಳ ಸಲ ಕೆಪಾಸಿಟರ್, ಅಂದರೆ ಮೋಟರ್ ತಿರುಗಲು ನೆರವಾಗುವ ಸಣ್ಣ ಬಿಡಿಭಾಗ, ಹೋಗಿರುತ್ತದೆ. ಅದು ಪ್ಲಗ್ ತೆಗೆದ ಮೇಲೂ ಕರೆಂಟ್ ಹಿಡಿದಿಟ್ಟುಕೊಂಡಿರಬಹುದು. ಎಲೆಕ್ಟ್ರಿಷಿಯನ್‌ಗೇ ಬಿಡಿ. ಆದರೆ ಮೋಟರನ್ನೇ ಬದಲಾಯಿಸಬೇಕು ಎಂದರೆ, ಒಪ್ಪುವ ಮೊದಲು ಕೆಪಾಸಿಟರ್ ನೋಡಿದಿರಾ ಎಂದು ಒಂದು ಮಾತು ಕೇಳಿ.

ಹೊರಗೆ ಪೈಪೇ ಇಲ್ಲದ ಚಿಮಣಿ ನಿಮ್ಮದಾಗಿದ್ದರೆ ಒಳಗೆ ಇದ್ದಿಲಿನ ಫಿಲ್ಟರ್ ಒಂದಿರುತ್ತದೆ. ಸಾಮಾನ್ಯ ಇದ್ದಿಲಿನ ಫಿಲ್ಟರನ್ನು ತೊಳೆಯಲು ಬರುವುದಿಲ್ಲ. 3ರಿಂದ 6 ತಿಂಗಳಿಗೊಮ್ಮೆ ಬದಲಾಯಿಸಬೇಕು. ವಾಸನೆ ಹೋಗುತ್ತಿಲ್ಲ ಎನ್ನುವುದೇ ನಿಮ್ಮ ದೂರಾಗಿದ್ದರೆ ಕಾರಣ ಇದೇ ಇರಬಹುದು.

ತಪ್ಪು ಫಿಲ್ಟರ್‌ನದೇ ಎಂದಾದರೆ: ಮೊದಲು ಲೋಹ ಗುರುತಿಸಿ

ಫಿಲ್ಟರನ್ನು ಬೆಳಕಿಗೆ ಹಿಡಿಯಿರಿ. ಪದರ ಪದರವಾಗಿ ಸಣ್ಣ ಜಾಲರಿ ಕಂಡರೆ ಅದು ಮೆಶ್ ಫಿಲ್ಟರ್. ಸಾಮಾನ್ಯವಾಗಿ ಅಲ್ಯೂಮಿನಿಯಂ. ಕೈಯಲ್ಲಿ ಹಗುರ. ಅದರ ಕಣ್ಣುಗಳಲ್ಲಿ ಬೆಳಕು ಕಾಣದಿದ್ದರೆ ಪೂರ್ತಿ ಕಟ್ಟಿಕೊಂಡಿದೆ. ಬಾಗಿದ ಉದ್ದ ಪಟ್ಟಿಗಳನ್ನು ಎದುರುಬದುರು ಜೋಡಿಸಿದ್ದರೆ ಅದು ಬ್ಯಾಫಲ್ ಫಿಲ್ಟರ್. ಹೆಚ್ಚಾಗಿ ಸ್ಟೀಲ್, ಭಾರ. ಇದರಲ್ಲಿ ಗಾಳಿ ಗಕ್ಕನೆ ತಿರುಗುವಾಗ ಎಣ್ಣೆ ಹನಿಗಳು ತಿರುಗಲಾರದೆ ಪಟ್ಟಿಗೆ ಬಡಿದು ಕೆಳಗೆ ಇಳಿಯುತ್ತವೆ. ನಮ್ಮ ಕರಿಯುವ, ಒಗ್ಗರಣೆ ಹಾಕುವ ಅಡುಗೆಗೆ ಇದೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೇಗ ಕಟ್ಟುವುದಿಲ್ಲ, ತೊಳೆಯುವುದೂ ಸುಲಭ. ಫಿಲ್ಟರ್ ಇಲ್ಲದ ಚಿಮಣಿಗಳಲ್ಲಿ ಎಣ್ಣೆ ಸೇರುವ ಬಟ್ಟಲು ಮಾತ್ರ ಇರುತ್ತದೆ. ಅದನ್ನು ತುಂಬಲು ಬಿಡದಿದ್ದರೆ ಸಾಕು.

ಲೋಹದ ಬಗ್ಗೆ ಅನುಮಾನ ಇದ್ದರೆ ಫ್ರಿಜ್ ಮೇಲಿನ ಮ್ಯಾಗ್ನೆಟ್ ತಂದು ತಾಗಿಸಿ. ಅಂಟಿದರೆ ಅಲ್ಯೂಮಿನಿಯಂ ಖಂಡಿತ ಅಲ್ಲ. ಅಂಟದಿದ್ದರೆ ಎರಡರಲ್ಲಿ ಯಾವುದೂ ಇರಬಹುದು, ಏಕೆಂದರೆ ಕೆಲವು ಒಳ್ಳೆಯ ಸ್ಟೀಲ್‌ಗೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಅಲ್ಯೂಮಿನಿಯಂ ಎಂದೇ ತಿಳಿದು ಮೆದುವಾಗಿ ತೊಳೆಯಿರಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಸ್ಟೀಲ್ ಸೋಡಾಕ್ಕೆ ಜಗ್ಗುವುದಿಲ್ಲ. ಅಲ್ಯೂಮಿನಿಯಂ ಮೇಲೆ ಮಾತ್ರ ಸೋಡಾ ಕೆಲಸ ಮಾಡುತ್ತದೆ, ಬಣ್ಣ ಕಪ್ಪಾಗುತ್ತದೆ. ನಾನು ಹಾಕಿದ್ದು ಅಡುಗೆ ಸೋಡಾ. ಅದು ಸೌಮ್ಯ, ಏನೂ ಆಗುವುದಿಲ್ಲ ಎಂದುಕೊಂಡಿದ್ದೆ. ಆದರೆ ಅಡುಗೆ ಸೋಡಾ ನೀರನ್ನು ಕುದಿಸುತ್ತಾ ಹೋದರೆ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ ಹೊರಟುಹೋಗಿ, ಉಳಿಯುವುದು ವಾಷಿಂಗ್ ಸೋಡಾ. ಅಡುಗೆ ಸೋಡಾ ನೀರಿನ ಪಿಎಚ್ (ಕ್ಷಾರದ ಅಳತೆ, 7ಕ್ಕಿಂತ ಹೆಚ್ಚಿದಷ್ಟೂ ಕ್ಷಾರ ಜೋರು) ಸುಮಾರು 8.3. ವಾಷಿಂಗ್ ಸೋಡಾದ್ದು 11ರ ಆಸುಪಾಸು. ಹತ್ತು ನಿಮಿಷ ಕುದಿಸಿ ನಾನೇ ಸೌಮ್ಯವಾದದ್ದನ್ನು ಖಾರ ಮಾಡಿದ್ದೆ. ಕಾಸ್ಟಿಕ್ ಸೋಡಾವನ್ನಂತೂ ಅಲ್ಯೂಮಿನಿಯಂ ಹತ್ತಿರ ತರಲೇಬೇಡಿ. ಲೋಹ ಕರಗುತ್ತದೆ, ಬಿಸಿಯಾಗುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಗ್ಯಾಸ್ ಬರುತ್ತದೆ.

ಜಿಡ್ಡು ಇಷ್ಟು ಗಟ್ಟಿ ಯಾಕೆ?

ಇದನ್ನು ತಿಳಿದರೆ ತೊಳೆಯುವುದು ಸುಲಭ. ನಿನ್ನೆ ಕರಿದ ಬೋಂಡದ ಎಣ್ಣೆ ಇನ್ನೂ ಎಣ್ಣೆಯೇ. ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಆದರೆ ತಿಂಗಳುಗಟ್ಟಲೆ ಬಿಸಿಗಾಳಿಗೆ ಸಿಕ್ಕಿದ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ. ದೋಸೆ ಕಾವಲಿಯನ್ನು ಪಳಗಿಸುವಾಗ ನಾವು ಏನು ಮಾಡುತ್ತೇವೆ? ಎಣ್ಣೆ ಸವರಿ ಕಾಯಿಸುತ್ತೇವೆ, ಮತ್ತೆ ಸವರಿ ಕಾಯಿಸುತ್ತೇವೆ. ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಕಬ್ಬಿಣದ ಮೇಲೆ ಕಪ್ಪು ಹೊದಿಕೆ ಆಗುತ್ತದೆ. ಸಾಬೂನಿಗೂ ಅದು ಬೇಗ ಬಿಡುವುದಿಲ್ಲ. ಕಾವಲಿಯ ಮೇಲೆ ನಮಗೆ ಬೇಕಾದ ಆ ಗುಣವೇ ಫಿಲ್ಟರ್ ಮೇಲೆ ಅಂಟು ಮೇಣವಾಗಿ ಕೂರುತ್ತದೆ.

ಯಾವ ಎಣ್ಣೆ ಬಳಸುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸೂರ್ಯಕಾಂತಿ, ಕುಸುಬೆ ಎಣ್ಣೆ ಬೇಗ ಮೇಣ ಕಟ್ಟುತ್ತವೆ. ಮರದ ಬಾಗಿಲಿಗೆ ಬಳಿಯುವ ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುವುದೂ ಇದೇ ಕಾರಣಕ್ಕೆ. ತೆಂಗಿನೆಣ್ಣೆ ಹಾಗೆ ಕಟ್ಟುವುದು ತೀರಾ ಕಡಿಮೆ. ಬೇರೆ ಬೇರೆ ಮನೆಯ ಫಿಲ್ಟರ್‌ಗಳು ಬೇರೆ ಬೇರೆ ಥರ ಅಂಟುವುದರ ಹಿಂದೆ ಇದೂ ಒಂದು ಕಾರಣ.

ತೊಳೆಯುವ ಕ್ರಮ

ಪ್ಲಗ್ ತೆಗೆಯಿರಿ. ಚಿಮಣಿ ತಣ್ಣಗಾಗಿರಲಿ. ಸ್ಟೌ ಮೇಲೆ ಹಳೆ ಪೇಪರ್ ಹಾಸಿ, ಫಿಲ್ಟರನ್ನು ಎರಡು ಕೈಯಲ್ಲೂ ಹಿಡಿದು ಇಳಿಸಿ. ಸ್ಟೀಲ್ ಪಟ್ಟಿಗಳ ಅಂಚು ಕೈ ಕೊಯ್ಯುವಷ್ಟು ಹರಿತ ಇರುತ್ತದೆ, ಗ್ಲೌಸ್ ಹಾಕಿಕೊಳ್ಳಿ.

ನೀರು ತಾಗಿಸುವ ಮೊದಲೇ ಸಡಿಲವಾಗಿರುವ ಜಿಡ್ಡನ್ನು ಪೇಪರಿನಿಂದ ಒರೆಸಿ ಕಸದ ಬುಟ್ಟಿಗೆ ಹಾಕಿ. ಇದನ್ನು ಬಿಟ್ಟು ನೇರವಾಗಿ ಸಿಂಕ್‌ನಲ್ಲಿ ಬಿಸಿನೀರು ಹಾಕಿದರೆ ಜಿಡ್ಡು ಕರಗಿ ಇಳಿದು, ಪೈಪಿನ ತಿರುವಿನಲ್ಲಿ ತಣ್ಣಗಾಗಿ ಗಟ್ಟಿಯಾಗುತ್ತದೆ. ಚಿಮಣಿಯ ದೋಷ ಸಿಂಕ್‌ಗೆ ದಾಟಿದಂತಾಗುತ್ತದೆ.

ಅಲ್ಯೂಮಿನಿಯಂ ಜಾಲರಿಗೆ: ಅಗಲವಾದ ಪ್ಲಾಸ್ಟಿಕ್ ಟಬ್‌ನಲ್ಲಿ ಗೀಸರ್‌ನಿಂದ ಬರುವ ಬಿಸಿನೀರು, 5 ಲೀಟರಿಗೆ ಎರಡು ದೊಡ್ಡ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. 20 ನಿಮಿಷ ಮುಳುಗಿಸಿ. ಹಳೆ ಟೂತ್‌ಬ್ರಷ್‌ನಿಂದ ಮೆಲ್ಲಗೆ ತಟ್ಟುತ್ತಾ ಉಜ್ಜಿ. ಎಳೆದು ತಿಕ್ಕಿದರೆ ಜಾಲರಿ ಕಿತ್ತುಬರುತ್ತದೆ. ಇನ್ನೂ ಜಿಡ್ಡಿದ್ದರೆ ನೀರು ಚೆಲ್ಲಿ ಹೊಸ ಬಿಸಿನೀರಿನಲ್ಲಿ ಮತ್ತೊಂದು ಸಲ. ಒಂದೇ ಸಲ ಖಾರವಾದದ್ದು ಹಾಕುವುದಕ್ಕಿಂತ ಮೆದುವಾದದ್ದನ್ನು ಎರಡು ಸಲ ಹಾಕುವುದು ಇಲ್ಲಿ ಒಳ್ಳೆಯದು.

ಸ್ಟೀಲ್ ಬ್ಯಾಫಲ್‌ಗೆ: ಅದೇ 5 ಲೀಟರ್ ಬಿಸಿನೀರಿಗೆ 100 ಗ್ರಾಂ ವಾಷಿಂಗ್ ಸೋಡಾ, ಸ್ವಲ್ಪ ಲಿಕ್ವಿಡ್. ಅರ್ಧ ಗಂಟೆ. ಸೋಡಾ ಇಲ್ಲಿ ಜಿಡ್ಡಿನ ಒಂದು ಪಾಲನ್ನೇ ಸಾಬೂನು ಮಾಡುತ್ತದೆ. ಮುಟ್ಟಿದರೆ ನುಣ್ಣಗೆ ಜಾರುವುದು ಅದಕ್ಕೇ. ಒಲೆಯ ಬೂದಿಯಿಂದ ಅಜ್ಜಿಯರು ಪಾತ್ರೆ ತಿಕ್ಕುತ್ತಿದ್ದರಲ್ಲ, ಸೌದೆ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಮಾಡುತ್ತಿದ್ದದ್ದೂ ಇದೇ ಕೆಲಸ. ಗ್ಲೌಸ್ ಬಿಚ್ಚಬೇಡಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ.

ಅಡುಗೆ ಸೋಡಾ ಮತ್ತು ವಿನೆಗರ್ ಸೇರಿಸಿ ನೊರೆ ಬರಿಸುವ ವಿಧಾನ ಎಲ್ಲೆಲ್ಲೂ ಹೇಳುತ್ತಾರೆ. ನೊರೆ ನೋಡಲು ಚೆನ್ನಾಗಿದೆ, ನಿಜ. ಆದರೆ ಒಂದು ಕ್ಷಾರ, ಇನ್ನೊಂದು ಹುಳಿ. ಎರಡೂ ಸೇರಿ ಒಂದನ್ನೊಂದು ಮುಗಿಸಿಬಿಡುತ್ತವೆ. ಕೊನೆಗೆ ಉಳಿಯುವುದು ಉಪ್ಪು ಬೆರೆತ ನೀರಿನಂಥದ್ದು. ಜಿಡ್ಡಿಗೆ ಅದರಿಂದ ಏನೂ ಆಗುವುದಿಲ್ಲ. ಎರಡು ಪದಾರ್ಥವೂ ಸುಮ್ನೆ ವೇಸ್ಟ್. ಟಾಯ್ಲೆಟ್ ಕ್ಲೀನರ್ ಮತ್ತು ಬ್ಲೀಚ್ ಸೇರಿಸುವ ಪ್ರಯೋಗ ಮಾತ್ರ ಯಾವತ್ತೂ ಬೇಡ. ಅದರಿಂದ ಬರುವ ಕ್ಲೋರಿನ್ ಗ್ಯಾಸ್ ಶ್ವಾಸಕೋಶವನ್ನು ಸುಡುತ್ತದೆ.

ಎಷ್ಟು ಮಾಡಿದರೂ ಬಿಡದ ಕಂದು ಮೇಣ ಮೂಲೆಗಳಲ್ಲಿ ಉಳಿಯುತ್ತದೆ. ಇದಕ್ಕೆ ದಾರಿ ತೋರಿಸಿದ್ದು ನಮ್ಮಮ್ಮ. ತೀರ್ಥಹಳ್ಳಿ ಕಡೆಯವರು. ನಾನು ಸ್ಟೀಲ್ ನಾರು ಹಿಡಿದು ಒದ್ದಾಡುತ್ತಿದ್ದುದನ್ನು ನೋಡಿ, "ಹಲಸಿನ ಹಣ್ಣು ಬಿಡಿಸೋವಾಗ ಕೈಗೆ ಏನು ಹಚ್ಕೊಳ್ತೀಯ ಮಗಾ?" ಎಂದು ಕೇಳಿದರು. ಕೊಬ್ಬರಿ ಎಣ್ಣೆ! ಹಲಸಿನ ಅಂಟು ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಫಿಲ್ಟರ್ ಒಣಗಿಸಿ, ಆ ಮೂಲೆಗಳಿಗೆ ನಾಲ್ಕು ಹನಿ ಎಣ್ಣೆ ಸವರಿ, ಒಂದು ಗಂಟೆ ಬಿಟ್ಟು ಒರೆಸಿದರೆ ಮೇಣ ಮೆತ್ತಗಾಗಿ ಬಟ್ಟೆಗೆ ಬರುತ್ತದೆ. ಆಮೇಲೆ ಲಿಕ್ವಿಡ್ ಹಾಕಿ ಆ ಎಣ್ಣೆಯನ್ನೂ ತೊಳೆಯಿರಿ. ವರ್ಷಗಟ್ಟಲೆ ಹಳೆಯದು, ಕಪ್ಪಾಗಿ ಸುಟ್ಟದ್ದು ಇದಕ್ಕೂ ಪೂರ್ತಿ ಬಿಡುವುದಿಲ್ಲ. ಚಿಮಣಿ ಹೊರಗಿನ ಕವಚದ ಮೇಲಿನ ಅಂಟಿಗೂ ಇದು ಒಳ್ಳೆಯದು, ಗೀರು ಬೀಳುವುದಿಲ್ಲ.

ತೊಳೆದ ಮೇಲೆ ಕಾಣುವ ತೊಂದರೆಗಳು

ಒಣಗಿದ ಮೇಲೆ ಬಿಳಿ ಪುಡಿ ಕಾಣುತ್ತಿದೆಯೇ? ಬೋರ್‌ವೆಲ್ ನೀರು ಬರುವ ಮನೆಗಳಲ್ಲಿ ಇದು ಜಾಸ್ತಿ. ಗಡಸು ನೀರಿನ ಕ್ಯಾಲ್ಸಿಯಂ ಸೋಡಾದ ಜೊತೆ ಸೇರಿ ಸುಣ್ಣದಂತೆ ಕೂರುತ್ತದೆ. ಒಂದು ಮಗ್ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ ಸವರಿ, ಕೂಡಲೇ ತೊಳೆಯಿರಿ. ಮನೆಯಲ್ಲಿ ಕಾವೇರಿ ನೀರಿನ ನಲ್ಲಿ ಬೇರೆ ಇದ್ದರೆ ಕೊನೆಯ ಸಲ ಅದರಲ್ಲೇ ತೊಳೆಯಿರಿ.

ಅಲ್ಯೂಮಿನಿಯಂ ಕಪ್ಪಾಗಿದ್ದರೆ ಗಾಬರಿ ಬೇಡ. ಜಾಲರಿ ಗಟ್ಟಿಯಾಗಿದ್ದು ತೂತು ಬಿದ್ದಿಲ್ಲದಿದ್ದರೆ ಮೊದಲಿನಂತೆಯೇ ಕೆಲಸ ಮಾಡುತ್ತದೆ. ಬೆರಳಿಗೆ ಮಸಿ ಹತ್ತುತ್ತಿದ್ದರೆ ಚೆನ್ನಾಗಿ ತೊಳೆದು ಹಾಕಿ. ಎಳೆಗಳು ಪುಡಿಯಾಗುತ್ತಿದ್ದರೆ ಬದಲಾಯಿಸಿ.

ಫಿಲ್ಟರ್ ವಾಪಸ್ ಹಾಕಿದ ಮೇಲೆ ಎಣ್ಣೆ ಸ್ಟೌ ಮೇಲೆ ತೊಟ್ಟಿಕ್ಕುತ್ತಿದೆ ಎಂದರೆ ಉಲ್ಟಾ ಹಾಕಿದ್ದೀರಿ ಅಥವಾ ಬಟ್ಟಲು ತುಂಬಿದೆ. ಬ್ಯಾಫಲ್ ಪಟ್ಟಿಗಳು ಮೇಲಿಂದ ಕೆಳಕ್ಕೆ ಇಳಿಯುವಂತಿರಬೇಕು, ಎಣ್ಣೆ ಇಳಿಯುವ ತೂತುಗಳು ಕೆಳಗಿನ ಅಂಚಿಗೆ ಬರಬೇಕು. ಪಟ್ಟಿ ಅಡ್ಡಡ್ಡ ಆದರೆ ಎಣ್ಣೆ ಅಲ್ಲೇ ನಿಲ್ಲುತ್ತದೆ. ಹೊಸದಾಗಿ ಗಡಗಡ ಸದ್ದು ಬಂದರೆ ಫಿಲ್ಟರಿನ ಕೊಂಡಿ ಸರಿಯಾಗಿ ಕೂತಿಲ್ಲ.

ಬಿಸಿ ಮಾಡಿ ತನ್ನಷ್ಟಕ್ಕೆ ಶುಚಿಯಾಗುವ ಆಟೋ ಕ್ಲೀನ್ ಚಿಮಣಿಯವರಿಗೆ ಒಂದು ಮಾತು. ಆ ಬಿಸಿಗೆ ಇಳಿಯುವುದು ಇನ್ನೂ ಎಣ್ಣೆಯಾಗಿರುವ ಎಣ್ಣೆ ಮಾತ್ರ. ಮೇಣವಾದದ್ದು ಇಳಿಯುವುದಿಲ್ಲ. ಆದ್ದರಿಂದ ಆ ಬಟನ್ ಅನ್ನು ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಒತ್ತಿದರೆ ಪ್ರಯೋಜನ. ಆರು ತಿಂಗಳ ಮೇಲೆ ಒತ್ತಿದರೆ ಇಲ್ಲ.

ಎಷ್ಟು ದಿನಕ್ಕೊಮ್ಮೆ ಎಂದರೆ, ದಿನವೂ ಒಗ್ಗರಣೆ, ವಾರಕ್ಕೊಂದು ದಿನ ಕರಿಯುವ ಮನೆಯಲ್ಲಿ ಜಾಲರಿಯನ್ನು ಎರಡು ಮೂರು ವಾರಕ್ಕೊಮ್ಮೆ, ಬ್ಯಾಫಲ್ ಅನ್ನು ತಿಂಗಳಿಗೊಮ್ಮೆ ತೊಳೆಯಿರಿ. ಹಬ್ಬದ ಕರಿಯುವಿಕೆ ಮುಗಿದ ಮೂರು ನಾಲ್ಕು ದಿನದೊಳಗೆ ಒಮ್ಮೆ ತೊಳೆದುಬಿಟ್ಟರೆ ಮೇಣ ಕಟ್ಟುವ ಮೊದಲೇ ಹೋಗುತ್ತದೆ. ಜಿಡ್ಡು ತುಂಬಿದ ಫಿಲ್ಟರ್‌ಗೆ ಕೆಳಗಿನ ಉರಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಒಂದು ವೇಳೆ ಬಾಂಡಲೆಗೆ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ, ಚಿಮಣಿ ನಿಲ್ಲಿಸಿ, ತಟ್ಟೆ ಮುಚ್ಚಿ. ನೀರು ಹಾಕಲೇಬಾರದು. ಚಿಮಣಿಯೊಳಗೇ ಬೆಂಕಿ ಹೊಕ್ಕಿದ್ದರೆ ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

ತೊಳೆದ ಫಿಲ್ಟರನ್ನು ಬಿಸಿಲಿಗೆ ಓರೆಯಾಗಿ ನಿಲ್ಲಿಸಿ ಪೂರ್ತಿ ಒಣಗಿಸಿ. ಪದರಗಳ ನಡುವೆ ನೀರು ಉಳಿದಿರುತ್ತದೆ, ಒಮ್ಮೆ ಅಲ್ಲಾಡಿಸಿ ನೋಡಿ. ಹಾಕಿದ ಮೇಲೆ ಅದೇ ಅರ್ಧ ಹಾಳೆ ತಂದು ಮತ್ತೆ ತಾಗಿಸಿ. ಈ ಸಲ ನಿಂತಿತೇ? ಹಾಗಾದರೆ ಒಗ್ಗರಣೆ ಹಾಕಬಹುದು.